ಅಟ್ಟೂರಿನ ಪಶ್ಚಿಮ ಬಾಗಿಲು

ಬಾಗಿಲು ಪಶ್ಚಿಮಕ್ಕಿರಬೇಕಿತ್ತು. ಅಟ್ಟೂರಿನ ಹಳೆಯ ಬೀದಿಗಳಲ್ಲಿ ಫೋನು ಹಿಡಿದುಕೊಂಡು ಅಲೆಯುತ್ತಿದ್ದ ನನಗೆ ಖಚಿತವಾಗಿ ಗೊತ್ತಿದ್ದದ್ದು ಇದೊಂದೇ.

ಲೇಖಕರು ಪ್ರಾಯದಲ್ಲಿ ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಆಗ ಅವರು ಅಟ್ಟೂರಿನಲ್ಲಿ ರೈತರೊಬ್ಬರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದು, ಅಲ್ಲೇ ಕೂತು ತಮ್ಮನ್ನು ಹೆಸರುವಾಸಿ ಮಾಡಿದ ಕಾದಂಬರಿಯನ್ನು ಬರೆದರು. ಮುಪ್ಪಿನಲ್ಲಿ ಬರೆದ ಆತ್ಮಕಥೆಯಲ್ಲಿ ಆ ಕೋಣೆಗೆ ಒಂದೂವರೆ ಪುಟ ಕೊಟ್ಟಿದ್ದಾರೆ. ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಬಂದು ಬಾಗಿಲು ತೆರೆದರೆ ಸಂಜೆಯ ಬಿಸಿಲು ಹೊಸ್ತಿಲು ದಾಟಿ ಬರೆಯುವ ಮಣೆಯವರೆಗೂ ಬರುತ್ತಿತ್ತಂತೆ. ಕತ್ತಲಾಗುವವರೆಗೆ ಆ ಬಾಗಿಲನ್ನು ತಾವು ಒಂದು ದಿನವೂ ಮುಚ್ಚಿದವರಲ್ಲವಂತೆ. ಓದುಗರಿಗೆ ತುಂಬ ಪ್ರೀತಿಯ ಪುಟ ಅದು. ಲೇಖಕರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಕಾರಣ ಓದುತ್ತ ಹೋದರೆ ತಿಳಿಯುತ್ತದೆ.

ನನ್ನ ಕೆಲಸ ಚಿತ್ರೀಕರಣಕ್ಕೆ ಜಾಗ ಹುಡುಕುವುದು. ನಿರ್ದೇಶಕರು ತಲೆಯಲ್ಲಿ ಕಂಡದ್ದನ್ನು ನಾನು ನೆಲದ ಮೇಲೆ ಹುಡುಕಿ, ಮನೆಯವರನ್ನು ಒಪ್ಪಿಸಿ, ಬಿಸಿಲು ಎಷ್ಟು ಹೊತ್ತಿಗೆ ಎಲ್ಲಿಗೆ ಬರುತ್ತದೆ, ಜನರೇಟರ್ ಎಲ್ಲಿ ನಿಲ್ಲಿಸುವುದು, ಪಕ್ಕದ ಮನೆಯ ನಾಯಿ ಯಾವಾಗ ಬೊಗಳುತ್ತದೆ ಎಂಬುದನ್ನೆಲ್ಲ ಬರೆದು ಕೊಡಬೇಕು. ಈ ಸಲದ್ದು ಲೇಖಕರು ಬಾಳಿದ ಜಾಗಗಳ ಬಗ್ಗೆ ಒಂದು ಸಾಕ್ಷ್ಯಚಿತ್ರ. ಕಾರ್ಖಾನೆಯ ಗೇಟು, ಯಶವಂತಪುರದಲ್ಲಿ ಅವರು ಕಾಫಿ ಕುಡಿಯುತ್ತಿದ್ದ ಹೋಟೆಲಿನ ಬೀದಿ, ಕೊನೆಗಾಲ ಕಳೆದ ಆರ್.ಟಿ. ನಗರದ ಮನೆ, ಇವೆಲ್ಲ ಸುಲಭವಾಗಿ ಸಿಕ್ಕಿದ್ದವು. ಆದರೆ ನಿರ್ದೇಶಕರು ಇಡೀ ಚಿತ್ರವನ್ನು ಅಟ್ಟೂರಿನ ಬಾಗಿಲಿನ ಮೇಲೆ ಕಟ್ಟಿಕೊಂಡಿದ್ದರು.

"ಖಾಲಿ ರೂಮು, ತೆರೆದ ಬಾಗಿಲು, ಬಿಸಿಲು ನಿಧಾನಕ್ಕೆ ಒಳಗೆ ಬರ್ಬೇಕು. ಅಷ್ಟೇ ಕಣ್ರೀ ಸಿನಿಮಾ. ಆ ಮನೆ ಸಿಗ್ಲಿಲ್ಲ ಅಂದ್ರೆ ನಂಗೆ ಸಿನಿಮಾನೇ ಇಲ್ಲ," ಎಂದಿದ್ದರು.

ಮನೆ ತೋರಿಸಲು ಲೇಖಕರ ಶಿಷ್ಯರೊಬ್ಬರು ಬಂದರು. ನಿವೃತ್ತ ಕನ್ನಡ ಅಧ್ಯಾಪಕರು, ಹುಡುಗರಾಗಿದ್ದಾಗ ಆ ಕೋಣೆಗೆ ಹೋಗಿ ಬರುತ್ತಿದ್ದವರು. ಕಾರಿನಲ್ಲಿ ಕೂತಾಗಲೇ ಗುರುತು ಹೇಳಿಬಿಟ್ಟರು. "ಮಾರಮ್ಮನ ಗುಡಿ ಎದುರು ನಿಂತ್ಕೊಂಡ್ರೆ ಎಡಕ್ಕೆ ಮೂರನೇ ಮನೆ. ಕಣ್ಣು ಕಟ್ಕೊಂಡು ಹೋಗ್ತೀನಮ್ಮ ನಾನು."

ಕಣ್ಣು ಬಿಟ್ಟುಕೊಂಡೇ ಹೋದೆವು. ಗುಡಿ ಸಿಕ್ಕಿತು. ಎಡಕ್ಕೆ ಮೂರನೆಯದು ಜಿಮ್ಮು. ಶಿಷ್ಯರು ಜಿಮ್ಮಿನ ಗಾಜಿನೊಳಗೆ ಭಾರ ಎತ್ತುತ್ತಿದ್ದವರನ್ನು ನೋಡಿದರು, ಗುಡಿಯನ್ನು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಬಲಕ್ಕೆ ಮೂರನೆಯ ಮನೆಗೂ ಹೋಗಿ ಬಂದರು. ಅದು ಹೋದ ವರ್ಷ ಗೃಹಪ್ರವೇಶವಾದ ಮನೆ, ಮಾವಿನ ತೋರಣ ಒಣಗಿಕೊಂಡು ಇನ್ನೂ ತೂಗುತ್ತಿತ್ತು. ಕಡೆಗೆ ಬೇಕರಿಯವನನ್ನು ಕೇಳಿದೆವು.

"ಗುಡಿ ಶಿಫ್ಟ್ ಆಗಿದೆ ಸರ್. ರೋಡ್ ಅಗಲ ಮಾಡೋವಾಗ ಒಳಕ್ ಹಾಕಿದ್ರು. ಮೊದ್ಲು ಅಲ್ಲಿತ್ತು, ಟ್ರಾನ್ಸ್‌ಫಾರ್ಮರ್ ಇದ್ಯಲ್ಲ, ಅಲ್ಲಿ."

ಟ್ರಾನ್ಸ್‌ಫಾರ್ಮರ್ ಪಕ್ಕ ನಿಂತು ಎಡಕ್ಕೆ ನೋಡಿದರೆ ರಸ್ತೆ ಮಾತ್ರ ಇತ್ತು. ಮೊದಲ ಎರಡು ಮನೆಗಳು ರಸ್ತೆಯೊಳಗೆ ಹೋಗಿದ್ದವು. ಮೂರನೆಯದು ಎಲ್ಲಿಂದ ಎಣಿಸಬೇಕೋ ನಮಗಿಬ್ಬರಿಗೂ ತಿಳಿಯಲಿಲ್ಲ. ತಮ್ಮನ್ನು ಒಂದು ಮಾತು ಕೇಳದೆ ಮಾರಮ್ಮ ಮನೆ ಬದಲಾಯಿಸಿದಳೆಂದು ಶಿಷ್ಯರಿಗೆ ಬೇಜಾರಾದ ಹಾಗಿತ್ತು. ಬಿಸಿಲು ಏರಿತೆಂದು ಹೇಳಿ ಕಾರಿನಲ್ಲಿ ಹೋಗಿ ಕೂತರು.

ಹೀಗೆ ಗುರುತು ಹೇಳುವವರ ಕೈಬಿಟ್ಟು ನಾನು ಬಾಗಿಲ ಹಿಂದೆ ಬಿದ್ದೆ. ಮರುದಿನ ಕೆಂಪಾಪುರದ ನನ್ನ ಮನೆಯಿಂದ ಬೆಳಿಗ್ಗೆಯೇ ಹೊರಟು ಒಬ್ಬಳೇ ಬಂದೆ. ಊರಿನ ಹಳೆಯ ಭಾಗ ದೊಡ್ಡದಲ್ಲ; ಸುತ್ತ ಲೇಔಟುಗಳು ಬೆಳೆದು ಅದು ನಡುವೆ ಉಳಿದಿದೆ. ಹಂಚಿನ ಮನೆಗಳು ಬೆರಳೆಣಿಕೆಯಷ್ಟು. ಒಂದೊಂದು ಮನೆಯ ಮುಂದೆಯೂ ನಿಂತು ಫೋನಿನಲ್ಲಿ ದಿಕ್ಸೂಚಿ ತೆರೆದು ಬಾಗಿಲ ದಿಕ್ಕು ನೋಡುವುದು, ಬರೆದುಕೊಳ್ಳುವುದು, ಮುಂದಕ್ಕೆ ಹೋಗುವುದು. ಮೊದಲನೆಯದು ಪೂರ್ವ. ಎರಡನೆಯದು ಪೂರ್ವ. ಆಮೇಲಿನದು ಉತ್ತರ, ಅದರಾಚೆಗೆ ಮತ್ತೆ ಪೂರ್ವ. ಹಳೆಯ ಮನೆಗಳು ಮುಗಿದವು, ಪಶ್ಚಿಮಕ್ಕೆ ಒಂದೂ ಇಲ್ಲ. ಊರಿಗೆ ಊರೇ ಸೂರ್ಯ ಮುಳುಗುವುದಕ್ಕೆ ಬೆನ್ನು ಹಾಕಿ ಕೂತಿತ್ತು. ಲೇಖಕರು ಸುಳ್ಳು ಬರೆದರೇ, ಅಟ್ಟೂರಲ್ಲದೆ ಬೇರೆ ಊರೇ, ಬೆಳಗಿನ ಬಿಸಿಲನ್ನೇ ಸಂಜೆಯದೆಂದು ನೆನಪಿಟ್ಟುಕೊಂಡರೇ ಎಂದು ಯೋಚಿಸಿ ಯೋಚಿಸಿ ತಲೆ ಗೊಬ್ಬರದ ಗುಂಡಿಯಾಯಿತು.

ಇಷ್ಟರಲ್ಲಿ ಇನ್ನೊಂದು ಫಜೀತಿ ಶುರುವಾಗಿತ್ತು. ಫೋನು ಚಾಚಿ ಬಾಗಿಲ ದಿಕ್ಕು ನೋಡುವ ಹೆಂಗಸು ಬೆಂಗಳೂರಿನಲ್ಲಿ ಇನ್ನೇನಾಗಿರಲು ಸಾಧ್ಯ? ಬನಿಯನ್ನು ತೊಟ್ಟು ಗೇಟಿಗೆ ಒರಗಿ ನಿಂತಿದ್ದ ಯಜಮಾನರೊಬ್ಬರು ಮೆಲ್ಲಗೆ ಕರೆದರು.

"ಮೇಡಂ, ನಮ್ಮನೆ ಅಡುಗೆಮನೆ ಅಗ್ನಿಮೂಲೇಲಿ ಇಲ್ಲ. ಏನಾದ್ರೂ ತೊಂದ್ರೆ ಇದ್ಯಾ?"

"ಮಲಗೋ ಮುಂಚೆ ಗ್ಯಾಸ್ ಆಫ್ ಮಾಡ್ರಿ. ಏನೂ ತೊಂದ್ರೆ ಇಲ್ಲ," ಎಂದೆ.

ಅವರು ಗಂಭೀರವಾಗಿ ತಲೆಯಾಡಿಸಿದರು. ನಾನು ತಿರುವು ದಾಟುವುದರೊಳಗೆ ಸುದ್ದಿ ನನಗಿಂತ ಮುಂದೆ ಹೋಗಿತ್ತು. ಎರಡು ಕಡೆ ನೀರಿನ ಸಂಪು ಎಲ್ಲಿರಬೇಕೆಂದು ಕೇಳಿದರು. ನಾನು ವಾಸ್ತುವಿನವಳಲ್ಲ ಎಂದರೆ, ದೊಡ್ಡ ವಾಸ್ತುವಿನವರು ಹಾಗೇ ಅನ್ನುವುದು ಎಂಬಂತೆ ನಗುತ್ತಿದ್ದರು.

ಆ ಸುದ್ದಿ ಕೇಳಿಯೇ ಒಬ್ಬ ಅಜ್ಜಿ ನನ್ನನ್ನು ಕರೆದದ್ದು. ಪೂರ್ವದ ಬಾಗಿಲಿನ ಒಂದು ಹಂಚಿನ ಮನೆ, ಪಕ್ಕಕ್ಕೆ ಆನಿಸಿಕೊಂಡಂತೆ ಮಗ ಕಟ್ಟಿದ ಎರಡಂತಸ್ತಿನ ತಾರಸಿ ಮನೆ. ಜಗಲಿಯ ಮೇಲೆ ಅವರೆಕಾಯಿ ಗುಡ್ಡೆ ಹಾಕಿಕೊಂಡು ಅಜ್ಜಿ ಸುಲಿಯುತ್ತಿದ್ದರು. ಎಪ್ಪತ್ತು ದಾಟಿದ ಜೀವ, ಕೈ ಮಾತ್ರ ಚುರುಕು.

"ಬಾರಮ್ಮ ಇಲ್ಲಿ. ದಿಕ್ಕು ನೋಡೋಳು ನೀನೇನಾ?"

"ಅಲ್ರೀ ಅಮ್ಮಾ, ನಾ ವಾಸ್ತು ನೋಡಾಕಿ ಅಲ್ಲ. ಸಿನಿಮಾದಾಕಿ." ಸುಸ್ತಾದಾಗ ನನ್ನ ಗದಗಿನ ಮಾತು ತಾನಾಗಿ ಬರುತ್ತದೆ.

"ಉಬ್ಳಿ ಕಡೆಯೋಳಾ? ಯಾರಾದ್ರೇನು ಬಿಡು, ದಿಕ್ಕು ನೋಡಾಕೆ ಬತ್ತದಲ್ಲ. ಒಳಗ್ ಬಾ."

ಒಳಗಿನ ಕೋಣೆಯಲ್ಲಿ ರಾಗಿ ಮೂಟೆ, ಮುರಿದ ಮಂಚ, ಗೋಡೆಗೆ ಒರಗಿಸಿದ ಕಬ್ಬಿಣದ ಬೀರು. ಅಜ್ಜಿ ಬೀರುವಿನ ಹಿಂದಿನ ಗೋಡೆ ತೋರಿಸಿ ಕೇಳಿದರು. "ಇಲ್ಲಿ ಅಳೆ ಬಾಗ್ಲು ಇತ್ತು. ಮುಚ್ಚಾಕ್ಸಿದ್ರು. ಅದು ಯಾವ ದಿಕ್ಕು, ನೋಡಿ ಏಳು."

ಫೋನು ಗೋಡೆಗೆ ಹಿಡಿದೆ. ಪಶ್ಚಿಮ.

ಆತ್ಮಕಥೆಯಲ್ಲಿ ಇನ್ನೊಂದು ಗುರುತಿತ್ತು. ಬಾಗಿಲಿನ ಎರಡೂ ಪಕ್ಕ ದೀಪದ ಗೂಡುಗಳು, ಬಲಗಡೆಯದು ದೊಡ್ಡದು, ಎಡಗಡೆಯದು ಅಂಗೈಯಗಲ. ಬೀರುವಿನ ಸಂದಿಯಲ್ಲಿ ಫೋನಿನ ಬೆಳಕು ಬಿಟ್ಟೆ. ಬಲಗಡೆ ದೊಡ್ಡ ಗೂಡಿನಲ್ಲಿ ಇಲಿಯ ಬೋನು, ಎಡಗಡೆಯದರಲ್ಲಿ ಒಂದು ಹಳೆಯ ಬೀಗ. ನಡುವೆ ಬಾಗಿಲಿನಾಕಾರಕ್ಕೆ ಗಾರೆ ಸ್ವಲ್ಪ ಉಬ್ಬಿತ್ತು. ಮನೆಯನ್ನು ಬಳಸಿ ಹಿಂದಕ್ಕೆ ಓಡಿದೆ. ಇಕ್ಕಟ್ಟಾದ ಸಂದಿಯಲ್ಲಿ, ಬಟ್ಟೆ ಒಗೆಯುವ ಮಿಷನ್ನಿನ ಪೈಪಿನ ಕೆಳಗೆ, ಒಂದು ಸವೆದ ಕಲ್ಲು ಮೆಟ್ಟಿಲು ಖಾಲಿ ಗೋಡೆಗೆ ಹತ್ತಿಕೊಂಡು ಕೂತಿತ್ತು. ಬೆಳಗಿನಿಂದ ನಾನು ಮನೆಯ ಹಿತ್ತಲನ್ನು ಮುಂಬಾಗಿಲೆಂದು ಅಳೆಯುತ್ತಿದ್ದೆ. ಮನೆ ಅಲ್ಲೇ ಇತ್ತು, ಮುಖ ತಿರುಗಿಸಿಕೊಂಡಿತ್ತು ಅಷ್ಟೆ. ಸಂತೋಷಕ್ಕೆ ಅಲ್ಲಿಂದಲೇ ನಿರ್ದೇಶಕರಿಗೆ ಫೋನು ಮಾಡಿಬಿಟ್ಟೆ.

ಜಗಲಿಗೆ ಬಂದು ಅಜ್ಜಿಯ ಎದುರು ಕೂತು ಕೇಳಿದೆ. "ಆ ಕೋಣೇಲಿ ಯಾರಾದ್ರೂ ಬಾಡಿಗೆಗೆ ಇದ್ರಾ ಅಮ್ಮಾ? ಬರ್ಕೊಂಡು ಕೂತಿರೋರು?"

"ಫ್ಯಾಕ್ಟ್ರಿ ಮೇಷ್ಟ್ರಾ?" ಎಂದರು. ಓದುಬರಹದವರೆಲ್ಲ ಅವರ ಬಾಯಲ್ಲಿ ಮೇಷ್ಟ್ರೇ. "ಇದ್ರು. ಸಾಧು ಮನ್ಸ. ಸಂಜೆ ಪಾಳಿ ಬಿಟ್ಟು ಬಂದ್ರೆ ತಲೆ ಎತ್ತುತಿರ್ಲಿಲ್ಲ. ಯಾಕೆ?"

ಅವರು ದೊಡ್ಡ ಲೇಖಕರಾದರೆಂದು ಹೇಳಿದೆ. ಅಜ್ಜಿಗೆ ಅದು ಅಷ್ಟೇನೂ ತಟ್ಟಲಿಲ್ಲ. ಒಳಗೆ ಸೊಸೆ ಮಿಕ್ಸಿ ಹಾಕಿದಳು. ಆ ಸದ್ದಿನ ಮರೆಯಲ್ಲಿ, ಕೈ ಅವರೆಕಾಯಿ ಬಿಡದೆ, ಅಜ್ಜಿ ಆ ಬಾಗಿಲ ವಿಷಯ ಹೇಳಿದರು.

ಆಗ ಅವರು ಮದುವೆಯಾಗಿ ಬಂದು ಕೆಲವು ವರ್ಷ. ಮೊದಲನೆಯದು ಹೆಣ್ಣುಮಗು, ನಡೆದಾಡುತ್ತಿತ್ತು. ಪಶ್ಚಿಮದ ಬಾಗಿಲಿನಾಚೆ ಸೊಪ್ಪಿನ ಮಡಿ, ಮಡಿಯಾಚೆ ಕಟ್ಟೆಯಿಲ್ಲದ ಬಾವಿ. ಒಂದು ಸಂಜೆ ಇವರು ಊರ ಮುಂದಿನ ನಲ್ಲಿಗೆ ನೀರಿಗೆ ಹೋಗಿ ಬರುವುದರೊಳಗೆ ಮಗು ಆ ಬಾಗಿಲಿಂದ ಹೊರಗೆ ಹೋಗಿತ್ತು. ಬಾವಿಯಿಂದ ತೆಗೆದವರು ಮಾವ. ಬಾಗಿಲು ಹಾಕದೆ ಹೋದವಳು ನೀನೇ ಎಂದು ಅತ್ತೆ ಅಂದರು, ಗಂಡನೂ ಅಂದ. ಶಾಸ್ತ್ರದವನು ಬಂದು ಪಶ್ಚಿಮದ ಬಾಗಿಲು ಈ ಮನೆಗೆ ಆಗುವುದಿಲ್ಲ ಎಂದ. ಬಾಗಿಲು ಮುಚ್ಚಿ ಪೂರ್ವಕ್ಕೆ ತೆರೆದರು, ಬಾವಿಗೆ ಮಣ್ಣು ತುಂಬಿದರು. ಮಗುವಿನ ಮಾತನ್ನು ಮನೆಯಲ್ಲಿ ಎತ್ತಕೂಡದೆಂದಾಯಿತು. ಆಮೇಲೆ ಹುಟ್ಟಿದ ಮಗನಿಗೂ ಗೊತ್ತಿಲ್ಲ.

"ಶಾಸ್ತ್ರದೋನು ಬಾಗ್ಲುದ್ದು ತಪ್ಪು ಅಂದ. ಅತ್ತೆ ಸಾಯೋಗಂಟ ನಂದು ಅಂದ್ಲು. ನೀನು ಓದಿರೋಳು, ದಿಕ್ಕು ನೋಡ್ದೆ. ಏಳಮ್ಮ, ತಪ್ಪು ಬಾಗ್ಲುದ್ದಾ, ನಂದಾ?"

ದಿಕ್ಕಿನದೇನೂ ತಪ್ಪಿರುವುದಿಲ್ಲ ಎಂದರೆ ತಪ್ಪೆಲ್ಲ ಅವರ ತಲೆಗೇ ಬರುತ್ತದೆ. ಬಾಗಿಲಿನದೇ ಎಂದರೆ ನಾನು ಬೆಳಗಿನಿಂದ ಅಲ್ಲಗಳೆದ ವೇಷವನ್ನೇ ಹಾಕಿಕೊಂಡಂತೆ. ನಾಳೆ ಬಂದು ಹೇಳುತ್ತೇನೆಂದೆ. ಅವರು ಒಂದು ಹಿಡಿ ಅವರೆಕಾಳು ನನ್ನ ಚೀಲಕ್ಕೆ ಹಾಕಿ ಕಳಿಸಿದರು.

ಹೆಬ್ಬಾಳದ ಮೇಲುಸೇತುವೆಯ ಮೇಲೆ ವಾಹನಗಳು ಹೆಪ್ಪುಗಟ್ಟಿ ನಿಂತಿದ್ದವು. ಆಟೋದಲ್ಲಿ ಕೂತು ಆತ್ಮಕಥೆಯ ಆ ಒಂದೂವರೆ ಪುಟವನ್ನು ಮತ್ತೆ ತೆರೆದೆ. ಎಷ್ಟು ಸಲ ಓದಿದ್ದೆನೋ, ಬಿಸಿಲು ಎಲ್ಲಿಗೆ ಬೀಳುತ್ತದೆ ಎಂದು ಗೆರೆ ಎಳೆದಿಟ್ಟಿದ್ದೆ. ಈಗ ಕಣ್ಣಿಗೆ ಬಿದ್ದದ್ದು ಬಿಸಿಲಲ್ಲ. ಪಾಳಿ ಮುಗಿಸಿ ಬಂದು ಬಾಗಿಲು ತೆರೆಯುತ್ತಿದ್ದವರು ಅವರು. ಕತ್ತಲಾಗುವವರೆಗೆ ಒಂದು ದಿನವೂ ಮುಚ್ಚದವರು ಅವರು. ಹಿಂದಿನ ಮುಂದಿನ ಪುಟಗಳನ್ನು ತಿರುವಿದೆ. ಗೋಡೆಯ ಹಲ್ಲಿ ಇದೆ, ಕಡಲೆಕಾಯಿ ಹುರಿಯುವ ವಾಸನೆ ಇದೆ, ಮನೆಯವರ ಎತ್ತಿನ ಗಂಟೆ ಇದೆ. ಮಗುವಿಲ್ಲ. ಮುಂದಿನ ಅಧ್ಯಾಯದಲ್ಲಿ ಅವರು ಜಾಲಹಳ್ಳಿಯ ಕ್ವಾರ್ಟರ್ಸಿನಲ್ಲಿರುತ್ತಾರೆ, ಅಟ್ಟೂರನ್ನು ಯಾಕೆ ಬಿಟ್ಟರೆಂದು ಒಂದು ಸಾಲೂ ಇಲ್ಲ. ಗೊತ್ತಿದ್ದು ಬಿಟ್ಟರೇ? ಗೊತ್ತಿಲ್ಲದೆ ಬರೆದರೇ? ಮುಚ್ಚಲಿಲ್ಲ ಎಂಬ ಸಾಲು ಬಿಸಿಲಿನ ಆಸೆಗೆ ಬಂದದ್ದೇ, ಬೇರೇನನ್ನೋ ಹೇಳಲಾರದೆ ಬಂದದ್ದೇ? ಆಟೋದವರು, "ಮೇಡಂ, ಹಿಂಗೇ ಆದ್ರೆ ಇನ್ನೂ ಲೇಟಾಗುತ್ತೆ," ಎಂದದ್ದಕ್ಕೆ, "ಆರ್.ಟಿ. ನಗರಕ್ಕೆ ತಿರುಗಿಸ್ರಿ," ಎಂದೆ.

ಶಿಷ್ಯರ ಮನೆಯೂ ಆರ್.ಟಿ. ನಗರದಲ್ಲೇ. ಅಟ್ಟೂರಿನ ಮನೆ ಸಿಕ್ಕಿದ್ದಕ್ಕೆ ಅವರು ಮಗುವಿನ ಹಾಗೆ ಖುಷಿಪಟ್ಟರು. ಬಾಗಿಲು ಪೂರ್ವಕ್ಕೆ ತಿರುಗಿದ್ದನ್ನು ಕೇಳಿ, "ಮಾರಮ್ಮ ಒಬ್ಬಳೇ ಅಲ್ಲ ಬಿಡು," ಎಂದು ನಕ್ಕರು. ಕಾಫಿ ಬಂದ ಮೇಲೆ ಕೇಳಿದೆ.

"ಆ ಮನೇಲಿ ಒಂದು ಮಗು ಇತ್ತಾ ಸರ್?"

ಅವರು ಲೋಟ ಕೆಳಗಿಟ್ಟರು. "ಇತ್ತು ಅನ್ಸುತ್ತೆ. ಇವ್ರು ಬರಿತಾ ಇದ್ರೆ ಪಕ್ಕದಲ್ಲಿ ಕೂತು ಹಾಳೆ ಮೇಲೆ ಗೀಚ್ತಾ ಇರ್ತಿತ್ತು. ಯಾಕೆ?"

ಹೇಳಿದೆ.

"ನಂಗೆ ಗೊತ್ತಿರ್ಲಿಲ್ಲಮ್ಮ. ಒಂದಿನ ಹೋದಾಗ ರೂಮು ಬಿಟ್ಟಿದ್ರು. ಯಾಕೆ ಸರ್ ಅಂದ್ರೆ, ಅಟ್ಟೂರಿನ ಮಾತು ಎತ್ತಬೇಡ ಅಂದ್ರು. ಆಮೇಲೆ ಯಲಹಂಕದ ಕಡೆ ಕಾರ್ಯಕ್ರಮಕ್ಕೆ ಕರೆದ್ರೂ ಹೋಗ್ತಿರ್ಲಿಲ್ಲ. ಅಷ್ಟೇ ನಂಗೆ ಗೊತ್ತು."

"ಹಾಗಾದ್ರೆ ಅವರಿಗೆ ಗೊತ್ತಿತ್ತು."

"ಮಗು ಸತ್ತಿದ್ದು ಗೊತ್ತಿತ್ತು. ಬಾಗ್ಲು ಯಾರು ತೆಗೆದ್ರು ಅಂತ ನೀನು ಹೆಂಗ್ ಹೇಳ್ತೀಯ? ಅವತ್ತು ಅವ್ರಿಗೆ ಓವರ್‌ಟೈಮ್ ಇತ್ತೋ ಏನೋ. ಸತ್ತವರನ್ನ ಕಟಕಟೆಗೆ ಎಳೀಬೇಡಮ್ಮ. ಸಾಕ್ಷ್ಯಚಿತ್ರಕ್ಕೂ ಇದಕ್ಕೂ ಸಂಬಂಧ ಇಲ್ಲ."

ಅವರ ಮಾತಿನಲ್ಲಿ ನ್ಯಾಯವಿತ್ತು, ಅದೇ ತೊಂದರೆ. ಅವತ್ತಿನ ಸಂಜೆಯ ಬಗ್ಗೆ ನನ್ನ ಕೈಯಲ್ಲಿ ಏನೂ ಇರಲಿಲ್ಲ, ಒಬ್ಬ ಮನುಷ್ಯನ ಅಭ್ಯಾಸ ಮಾತ್ರ ಇತ್ತು. ಆದರೆ ಸತ್ತವರನ್ನು ಕಟಕಟೆಗೆ ಎಳೆಯಬೇಡ ಎಂದರಲ್ಲ, ಬದುಕಿರುವ ಒಬ್ಬರು ಅದೇ ಕಟಕಟೆಯಲ್ಲಿ ಐವತ್ತು ವರ್ಷದಿಂದ ನಿಂತಿದ್ದಾರೆ ಎನ್ನುವುದು ಬಾಯಿತುದಿಗೆ ಬಂದು ನಿಂತಿತು. ಅವರ ವಯಸ್ಸು ನೋಡಿ ನುಂಗಿಕೊಂಡೆ. ಮೆಟ್ಟಿಲಿಳಿಯುವಾಗ ನನಗೆ ಶಿಷ್ಯರ ಮೇಲೆ, ಲೇಖಕರ ಮೇಲೆ, ಈ ಕೆಲಸ ಒಪ್ಪಿಕೊಂಡ ನನ್ನ ಮೇಲೆ ಸಿಟ್ಟು ಬಂದಿತ್ತು.

ಮರುದಿನ ನಿರ್ದೇಶಕರೂ ಛಾಯಾಗ್ರಾಹಕರೂ ಅಟ್ಟೂರಿಗೆ ಬಂದರು. ಅಜ್ಜಿಯ ಮಗ ಮನೆಯಲ್ಲಿದ್ದರು. ಬಾಡಿಗೆ ಮನೆಗಳನ್ನು ನೋಡಿಕೊಳ್ಳುವ, ಮಾತಿನಲ್ಲಿ ಮೆತ್ತಗಿನ ಮನುಷ್ಯ.

"ಗೋಡೆ ಒಡೆದು ಬಾಗಿಲು ತೆಗೀತೀವಿ, ಶೂಟಿಂಗ್ ಮುಗಿದ್ಮೇಲೆ ಮೊದಲಿನ ಥರಾನೇ ಮುಚ್ಚಿಸಿ ಕೊಡ್ತೀವಿ," ಎಂದರು ನಿರ್ದೇಶಕರು.

"ನಂದೇನೂ ಅಭ್ಯಂತರ ಇಲ್ಲ ಸರ್. ಯಾವುದೋ ವಾಸ್ತು ದೋಷ ಅಂತ ತಾತನ ಕಾಲದಲ್ಲಿ ಮುಚ್ಚಿದ್ದು. ಅಮ್ಮ ಒಪ್ಪಿದ್ರೆ ಮಾಡ್ಕೊಳ್ಳಿ."

ಅಜ್ಜಿ ನಿರ್ದೇಶಕರ ಕಡೆ ನೋಡಲೇ ಇಲ್ಲ. ನನ್ನ ಕಡೆ ಕೈ ತೋರಿಸಿ, "ಈಯಮ್ಮ ನಂಗೊಂದು ಮಾತು ಏಳ್ಬೇಕು. ಏಳಿದ ಮೇಲೆ ಒಡ್ಕೊಳ್ಳಿ," ಎಂದರು.

"ಏನ್ ಮಾತು?" ಎಂದು ನಿರ್ದೇಶಕರು ನನ್ನ ಕಿವಿಯಲ್ಲಿ ಕೇಳಿದರು. ಮನೆಯ ವಿಷಯ ಎಂದೆ. "ಏನು ಬೇಕೋ ಹೇಳಿ ಒಪ್ಪಿಸ್ರೀ ಮತ್ತೆ. ಇದೇ ಅಲ್ವಾ ನಿಮ್ಮ ಕೆಲ್ಸ?" ಎಂದರು. ಅವರದ್ದು ತಪ್ಪಲ್ಲ. ಆದರೆ ಇಡೀ ವಿಷಯ ನನಗೆ ಅಸಹ್ಯವಾಗಿ ಕಂಡದ್ದು ಆಗಲೇ. ಬಾಯಿಗೆ ಬಂದ ಸಮಾಧಾನ ಹೇಳಿದರೆ ಬಾಗಿಲು ತೆರೆಯುತ್ತದೆ. ಆ ಸಾಲು ಓದಿ ಹೇಳಿದರೂ ತೆರೆಯುತ್ತದೆ. ಏನು ಹೇಳಿದರೂ ನನಗೆ ಲಾಭವೇ. ಇಂಥ ಸ್ಥಿತಿಯಲ್ಲಿ ಬಾಯಿಂದ ಬರುವ ಮಾತನ್ನು ನಾನೇ ಹೇಗೆ ನಂಬಲಿ? ಸಂಜೆಯ ಬಿಸಿಲು ಪರೀಕ್ಷೆ ಮಾಡಿ ಆಮೇಲೆ ಮಾತಾಡೋಣ ಎಂದು ಎಲ್ಲರನ್ನೂ ಸುಮ್ಮನಾಗಿಸಿದೆ.

ಪರೀಕ್ಷೆ ಎಂದರೆ ಇಷ್ಟು. ಸೂರ್ಯ ಯಾವ ದಿನ ಯಾವ ಹೊತ್ತಿಗೆ ಎಲ್ಲಿರುತ್ತಾನೆಂದು ತೋರಿಸುವ ಆ್ಯಪ್ ಇದೆ. ಬಾಗಿಲಿದ್ದ ಜಾಗದಲ್ಲಿ ನಿಂತು ಫೋನನ್ನು ಆಕಾಶಕ್ಕೆ ಹಿಡಿದರೆ ಅವನು ಇಳಿಯುವ ದಾರಿ ಹಳದಿ ಗೆರೆಯಾಗಿ ಕಾಣುತ್ತದೆ. ಅವರೆಕಾಯಿಯ ಕಾಲದಲ್ಲಿ ಆ ಗೆರೆ ತೆಂಕಣಕ್ಕೆ ವಾಲಿಕೊಂಡು ಇಳಿಯುತ್ತದೆ. ಗೆರೆಯ ಜೊತೆಗೆ ಕಣ್ಣು ಇಳಿಸುತ್ತ ಬಂದೆ. ಅದು ನೇರವಾಗಿ ಹಿಂದಿನ ಪಿ.ಜಿ. ಕಟ್ಟಡದ ನೀರಿನ ಟ್ಯಾಂಕಿನೊಳಗೆ ಇಳಿಯಿತು. ನಾಲ್ಕಂತಸ್ತು. ಹಿಂದಿನ ದಿನ ಮೆಟ್ಟಿಲು ಕಂಡ ಸಂಭ್ರಮದಲ್ಲಿ ನಾನು ತಲೆ ಎತ್ತಿಯೇ ಇರಲಿಲ್ಲ. ಬೇಸಗೆಯ ಗೆರೆ ನೋಡಿದೆ, ಮಳೆಗಾಲದ್ದು ನೋಡಿದೆ. ಎಲ್ಲವೂ ಆ ಕಟ್ಟಡದ ಹಿಂದೆಯೇ ಇಳಿಯುತ್ತಿದ್ದವು. ಸಂಜೆಯಾಗುವವರೆಗೆ ಅಲ್ಲೇ ನಿಂತು ಕಣ್ಣಾರೆಯೂ ನೋಡಿದೆವು. ಸಂದಿಯೊಳಗೆ ಬಂದದ್ದು ಪಿ.ಜಿ.ಯ ಅಡುಗೆಮನೆಯ ಒಗ್ಗರಣೆಯ ವಾಸನೆ ಮಾತ್ರ.

"ಹೊರಗಿಂದ ಲೈಟ್ ಹಾಕೋಣ," ಎಂದರು ನಿರ್ದೇಶಕರು ಕೊನೆಯ ಆಸೆಗೆ.

"ಎಲ್ಲಿ ಗುರು ಹಾಕೋದು?" ಎಂದರು ಛಾಯಾಗ್ರಾಹಕರು. "ಕೈ ಚಾಚಿದ್ರೆ ಎದುರು ಗೋಡೆ ಸಿಗುತ್ತೆ. ಬಿಸಿಲು ಅನ್ನಿಸ್ಬೇಕು ಅಂದ್ರೆ ಲೈಟು ಅಷ್ಟು ದೂರ ಇರ್ಬೇಕು. ಹತ್ರ ಇಟ್ರೆ ನೆರಳೆಲ್ಲ ಬೀಸಣಿಗೆ ಥರ ಹರಡ್ಕೊಳ್ಳುತ್ತೆ. ನೋಡೋರು ನಗ್ತಾರೆ."

ಹೀಗೆ ಅಟ್ಟೂರಿನ ಮನೆ ಚಿತ್ರದಿಂದ ಬಿದ್ದುಹೋಯಿತು. ಜಾಲಹಳ್ಳಿಯಲ್ಲಿ ಪಶ್ಚಿಮದ ಬಾಗಿಲಿನ ಒಂದು ಹಳೆಯ ಶಾಲೆಯ ಕೋಣೆ ನನ್ನ ಪಟ್ಟಿಯಲ್ಲಿತ್ತು. ಮುಂದೆ ಆಟದ ಬಯಲು, ಬಿಸಿಲಿಗೆ ತಡೆಯಿಲ್ಲ. ನಿರ್ದೇಶಕರು ಮುಖ ಊದಿಸಿಕೊಂಡೇ ಒಪ್ಪಿದರು. ಕಾರಿನಲ್ಲಿ ಅವರು ಬೆಳಕಿನ ಬಗ್ಗೆ ಗೊಣಗುತ್ತಿದ್ದಾಗ ನಾನು ಕಿಟಕಿಯಾಚೆ ನೋಡುತ್ತ ಕೂತಿದ್ದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ದುಃಖವಾಗಬೇಕಿತ್ತು. ಹಗುರವಾಗಿತ್ತು. ಈಗ ಆ ಮನೆಯಿಂದ ನನಗೆ ಏನೂ ಬೇಕಿರಲಿಲ್ಲ. ಬೇಕಿದ್ದರೆ ಅಟ್ಟೂರಿನ ಕಡೆ ತಲೆ ಹಾಕದೆಯೂ ಇರಬಹುದಿತ್ತು. ನಾಳೆ ಬರುತ್ತೇನೆಂದು ಹೇಳಿ ಮತ್ತೆ ಬಾರದವರು ನಮ್ಮ ಕಸುಬಿನಲ್ಲಿ ಬೇಕಾದಷ್ಟು ಜನ. ಹೋಗುವುದೇ ಸರಿಯೋ, ಸುಮ್ಮನಿರುವುದೇ ಒಳ್ಳೆಯದೋ ಎಂದು ಹೆಬ್ಬಾಳ ಬರುವವರೆಗೂ ತೂಗಿದೆ. ಹಳೆಯ ಹುಣ್ಣು ಕೆರೆದಂತಾಗಬಹುದು. ಸಾಲು ಲೇಖಕರದ್ದು, ಅರ್ಥ ಮಾತ್ರ ನಾನು ಹಚ್ಚಿದ್ದು ಎಂದೂ ಅನ್ನಿಸಿತು. ಆದರೆ ಇಡೀ ಕನ್ನಡನಾಡು ಓದಿ ಮೆಚ್ಚಿದ ಆ ಸಾಲನ್ನು ಕೇಳುವ ಹಕ್ಕು ಎಲ್ಲರಿಗಿಂತ ಮೊದಲು ಯಾರಿಗಿತ್ತೋ ಅವರೊಬ್ಬರಿಗೇ ಅದು ತಲುಪಿರಲಿಲ್ಲ. ಹೋಗುವುದೆಂದು ತೀರ್ಮಾನಿಸಿದೆ. ಅರ್ಥ ಹೇಳುವುದು ಬೇಡ, ಬರೆದದ್ದನ್ನು ಬರೆದ ಹಾಗೆ ಓದುವುದು.

ಮಾರನೆಯ ದಿನ ಹನ್ನೊಂದರ ಹೊತ್ತಿಗೆ ಹೋದೆ. ಅಜ್ಜಿ ನೀರಲ್ಲಿ ನೆನೆಸಿದ ಅವರೆಕಾಳನ್ನು ಹಿಚುಕಿ ಬೇಳೆ ಮಾಡುತ್ತಿದ್ದರು. ಸುಮ್ಮನೆ ಕೂರಬೇಡ ಎಂದು ನನ್ನ ಮುಂದೆಯೂ ಒಂದು ಬಟ್ಟಲು ತಳ್ಳಿದರು.

"ಗೋಡೆ ಒಡೆಯಲ್ಲ ಅಮ್ಮಾ. ಅಲ್ಲಿ ಬಿಸಿಲು ಬರಲ್ಲ, ನಮಗೆ ಈ ಮನೆ ಬೇಡ ಅಂತಾಯ್ತು," ಎಂದೆ ಮೊದಲೇ.

"ಮತ್ಯಾಕ್ ಬಂದೆ?"

"ನೀವು ಕೇಳಿದ್ರಲ್ಲ. ದಿಕ್ಕಿನ ವಿಚಾರ ನಂಗೆ ಗೊತ್ತಾಗಲ್ಲ. ಆದ್ರೆ ಮೇಷ್ಟ್ರು ಆ ಬಾಗಿಲಿನ ಬಗ್ಗೆ ಬರೆದಿದ್ದಾರೆ. ಓದ್ತೀನಿ, ಕೇಳ್ರಿ."

ಕೈ ಒರೆಸಿಕೊಂಡು ಪುಸ್ತಕ ತೆರೆದು ಓದಿದೆ. ಪಾಳಿ, ಸೈಕಲ್ಲು, ಬಾಗಿಲು ತೆರೆಯುವುದು, ಬಿಸಿಲು, ಕತ್ತಲಾಗುವವರೆಗೆ ಮುಚ್ಚದೆ ಇದ್ದದ್ದು. ಅಜ್ಜಿ ಕಾಳು ಹಿಚುಕುವುದನ್ನು ನಿಲ್ಲಿಸಿರಲಿಲ್ಲ.

"ಇನ್ನೊಂದ್ ಸಲ ಓದು," ಎಂದರು. ಓದಿದೆ.

"ಒಂದ್ ದಿನಾನೂ ಮುಚ್ಚಿಲ್ವಂತಾ?"

"ಹಾಗಂತ ಬರೆದಿದ್ದಾರೆ. ಆ ಸಂಜೆ ಬಗ್ಗೆ ಏನೂ ಬರೆದಿಲ್ಲ. ಅವತ್ತು ಅವ್ರು ಮನೇಲಿದ್ರೋ ಇಲ್ವೋ ನಂಗೆ ಗೊತ್ತಿಲ್ಲ. ನಂಗೆ ಗೊತ್ತಿರೋದು ಇಷ್ಟೇ ಅಮ್ಮಾ."

ಈಗ ಕೈ ನಿಂತಿತು. ಅಜ್ಜಿ ನನ್ನ ಕಡೆ ನೋಡಲಿಲ್ಲ, ಬೀದಿಯ ಕಡೆ ನೋಡಿದರು.

"ನಾನು ಚಿಲ್ಕ ಆಕಿದ್ದೆ," ಎಂದರು. "ಕೊಡ ಸೊಂಟುಕ್ಕೆ ಇಟ್ಕೊಂಡು, ಎಡಗೈಲಿ ಆಚೆ ಕಡೆ ಚಿಲ್ಕ ಆಕಿ, ಅಲ್ಲಾಡ್ಸಿ ನೋಡಿ ಓಗಿದ್ದೆ. ಅವತ್ತೇ ಏಳ್ದೆ. ಯಾರೂ ನಂಬ್ಲಿಲ್ಲ. ಆಕಿದ್ರೆ ತೆಗೆದೋರು ಯಾರು, ದೆವ್ವಾನಾ ಅಂದ್ರು. ಮೇಷ್ಟ್ರ ಹೆಸ್ರು ಯಾರ ಬಾಯಲ್ಲೂ ಬರ್ಲಿಲ್ಲ. ಒರಗಿನೋರು, ಓದಿದೋರು. ಏಳೀ ಏಳೀ ನಂಗೂ ನಂಬ್ಕೆ ಓಯ್ತು ಕಣಮ್ಮ. ಆಕ್ಲಿಲ್ಲವೇನೋ ಅಂದ್ಕೊಂಡೇ ಇಷ್ಟ್ ವರ್ಸ ಬಾಳ್ದೆ."

ನಾನು ಅವರ ಕೈ ಹಿಡಿದುಕೊಂಡೆ. ಅವರು ಅಳಲಿಲ್ಲ. ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಮೇಷ್ಟ್ರನ್ನು ಬೈಯುತ್ತಾರೆಂದು ಕಾದೆ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರಿಗೆ ಆ ಮನುಷ್ಯನ ನೆನಪೇ ಆಚೆಗೆ ಹೋದಂತಿತ್ತು. ಲೇಖಕರ ಬಗ್ಗೆ ಏನು ಎಣಿಸಬೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ಪುಟವನ್ನು ಈಗ ಓದಲೂ ಆಗುವುದಿಲ್ಲ, ಕೆಟ್ಟ ಪುಟ ಎನ್ನಲೂ ಆಗುವುದಿಲ್ಲ.

ಅಜ್ಜಿ ಒಳಗೆ ತಿರುಗಿ ಸೊಸೆಯನ್ನು ಕೂಗಿದರು. ಅವಳು ಸೆರಗಿಗೆ ಕೈ ಒರೆಸುತ್ತ ಬಂದು ಬಾಗಿಲಲ್ಲಿ ನಿಂತಳು.

"ಕೂತ್ಕೊ. ಈಯಮ್ಮ ಒಂದು ಓದ್ತಾಳೆ, ನೀನೂ ಕೇಳು. ಇನ್ನೊಂದ್ ಸಲ ಓದಮ್ಮ."

ಮೂರನೆಯ ಸಲ ಓದಿದೆ. ಸೊಸೆಗೆ ತಲೆಬುಡ ತಿಳಿಯಲಿಲ್ಲ. ನನ್ನನ್ನೂ ಅತ್ತೆಯನ್ನೂ ನೋಡಿದಳು.

"ಕೇಳಿದ್ಯಾ? ನಾನು ಚಿಲ್ಕ ಆಕಿದ್ದೆ," ಎಂದರು ಅಜ್ಜಿ.

"ಯಾರ ವಿಷ್ಯ ಅತ್ತೆ?"

"ನಿನ್ ಗಂಡನ ಅಕ್ಕನ್ದು ಕಣೇ."

"ಅವ್ರಿಗೆಲ್ಲಿ ಅಕ್ಕ ಇದ್ರು?"

"ಇದ್ಲು," ಎಂದರು ಅಜ್ಜಿ. ಆ ಮನೆಯಲ್ಲಿ ಅಷ್ಟು ವರ್ಷ ಯಾರೂ ಆಡದ ಹೆಸರನ್ನು ಆಮೇಲೆ ಹೇಳಿದರು. "ವನಜಾಕ್ಷಿ."